ಸೆರೆಮನೆಯಿಂದ ಒಂದು ಪಾಲು ದಾವೆ

ಜೈಲಿನಲ್ಲಿರುವವನ ಮೇಲೆ ಕ್ರಿಮಿನಲ್ ಕೇಸಿದೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಅವನಿಗೂ ಒಂದು ಸಿವಿಲ್ ಬದುಕಿದೆ ಎಂಬುದು ಮಾತ್ರ ಮನೆಯವರಿಗೇ ಮರೆತುಹೋಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಪಾಲಾಗದೆ ಉಳಿದ ಅಡಿಕೆ ತೋಟ, ಭಾವನಿಗೆ ಬರೆದುಕೊಟ್ಟ ಮುಕ್ತ್ಯಾರನಾಮೆ (ಪವರ್ ಆಫ್ ಅಟಾರ್ನಿ), ಕೊಟ್ಟು ಹಿಂದೆ ಬಾರದ ಕೈಗಡ, ಜೈಲಿನೊಳಗೇ ಆದ ಗಾಯ, ಇವು ಯಾವುವೂ ಜಾಮೀನಿಗಾಗಿ ಕಾಯುವುದಿಲ್ಲ. ಶಿಕ್ಷೆಯಾದರೂ ಸಿವಿಲ್ ದಾವೆ ಹೂಡುವ ಹಕ್ಕು ಹೋಗುವುದಿಲ್ಲ. ಆದರೆ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇಂಥ ಮಾತು ಎದ್ದಾಗ ಮೊದಲು ಬರುವ ಪ್ರಶ್ನೆ ಒಂದೇ: ಕೋರ್ಟ್ ಫೀ ಯಾರು ಕಟ್ಟುವುದು? ಆ ಪ್ರಶ್ನೆಗೆ ಉತ್ತರ ಸಿಗದೆ ಎಷ್ಟೋ ದಾವೆಗಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ.

ನಿಜಕ್ಕೂ ಅದು ಮೂರನೆಯದಾಗಿ ಕೇಳಬೇಕಾದ ಪ್ರಶ್ನೆ. ಕೋರ್ಟ್ ಫೀಗೆ ಕಾನೂನಿನಲ್ಲಿ ದಾರಿಗಳಿವೆ. ಅದನ್ನು ಮುಂದೂಡಬಹುದು, ಬೇರೆಯವರಿಂದ ಕಟ್ಟಿಸಬಹುದು. ಕಳೆದುಹೋದ ಕಾಲಮಿತಿಗೆ ಅಂಥ ದಾರಿ ಇಲ್ಲ. ದಾವಾಪತ್ರದಲ್ಲಿ ತಪ್ಪಿ ಬಿದ್ದ ಒಂದು ವಾಕ್ಯವನ್ನು ತಿದ್ದಲು ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಮೊದಲು ದಿನ ಎಣಿಸಬೇಕು, ಆಮೇಲೆ ಯಾವ ಕೋರ್ಟಿನಲ್ಲಿ ಏನು ಕೇಳುತ್ತಿದ್ದೇವೆ ಎಂದು ನಿಶ್ಚಯಿಸಬೇಕು. ಹಣದ ಮಾತು ಅದಾದ ಮೇಲೆ.

ದಿನ ಎಣಿಸುವುದರಿಂದಲೇ ಶುರು ಮಾಡೋಣ. 1963ರ ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ 6ನೇ ಕಲಮು ಅಪ್ರಾಪ್ತರಿಗೆ, ಬುದ್ಧಿ ಸ್ವಾಧೀನವಿಲ್ಲದವರಿಗೆ ಹೆಚ್ಚುವರಿ ಕಾಲ ಕೊಡುತ್ತದೆ. ಆ ಪಟ್ಟಿಯಲ್ಲಿ ಕೈದಿ ಇಲ್ಲ. ಜೈಲಿನಲ್ಲಿ ಕಳೆದ ವರ್ಷಗಳನ್ನು ಹೊರಗಿನ ವರ್ಷಗಳಂತೆಯೇ ಲೆಕ್ಕ ಹಾಕುತ್ತಾರೆ. ತಡವಾದುದಕ್ಕೆ ಕಾರಣ ಹೇಳಿ ಮನ್ನಿಸಿಕೊಳ್ಳುವ 5ನೇ ಕಲಮು ಮೇಲ್ಮನವಿಗೂ ಅರ್ಜಿಗಳಿಗೂ ಸಲ್ಲುತ್ತದೆಯೇ ಹೊರತು ಮೂಲ ದಾವೆಗೆ ಸಲ್ಲುವುದಿಲ್ಲ. ಮೇಲ್ಮನವಿ ಆರು ತಿಂಗಳು ತಡವಾದರೂ ಉಳಿಯಬಹುದು, ದಾವೆ ಒಂದೇ ದಿನ ತಡವಾದರೂ ಸತ್ತಂತೆಯೇ. ಕ್ರಿಮಿನಲ್ ಕೇಸಿನಲ್ಲಿ ಅಪೀಲಿನ ತಡ ಮಾಫಿಯಾದದ್ದನ್ನು ಕಂಡ ಮನೆಯವರು ಸಿವಿಲ್‌ನಲ್ಲೂ ಹಾಗೆಯೇ ಆಗುತ್ತದೆ ಎಂದು ನಂಬಿ ಕೂರುತ್ತಾರೆ. ಅತಿ ಹೆಚ್ಚು ನಷ್ಟ ಆಗುವುದು ಈ ನಂಬಿಕೆಯಿಂದ.

ಯಾವುದಕ್ಕೆ ಎಷ್ಟು ಕಾಲ? ಅಕ್ರಮ ಬಂಧನಕ್ಕೆ ಪರಿಹಾರ ಕೇಳಲು ಬಂಧನ ಮುಗಿದಂದಿನಿಂದ 1 ವರ್ಷ. ದುರುದ್ದೇಶದ ಕೇಸು ಹಾಕಿದ್ದಕ್ಕೆ ಖುಲಾಸೆಯಾದ ದಿನದಿಂದ 1 ವರ್ಷ. ಒಂದು ಕೇಸಿನಲ್ಲಿ ಖುಲಾಸೆಯಾಗಿ ಇನ್ನೊಂದರಲ್ಲಿ ಒಳಗೇ ಉಳಿದವನಿಗೆ ಈ ಎರಡನೆಯ ಗಡುವು ಜೈಲಿನೊಳಗೇ ಓಡಲು ತೊಡಗುತ್ತದೆ, ಅವನಿಗೆ ಅದು ಗೊತ್ತೂ ಆಗುವುದಿಲ್ಲ. ಮುಕ್ತ್ಯಾರನಾಮೆ ದುರುಪಯೋಗ ಮಾಡಿ ಯಾರಾದರೂ ಜಾಗ ಮಾರಿದ್ದರೆ ಆ ಕ್ರಯಪತ್ರ ರದ್ದು ಕೋರಲು, ವಿಷಯ ತಿಳಿದಂದಿನಿಂದ 3 ವರ್ಷ. ತಿಳಿದದ್ದು ಯಾವಾಗ ಎಂಬುದನ್ನೇ ಎದುರು ಕಕ್ಷಿ ಪ್ರಶ್ನಿಸುತ್ತದೆ. ಆದ್ದರಿಂದ ಭೇಟಿಗೆ ಬಂದ ತಮ್ಮ ಆ ಸುದ್ದಿ ಹೇಳಿದ ತಾರೀಖನ್ನು ಬರೆದಿಟ್ಟುಕೊಳ್ಳಬೇಕು. ಭೇಟಿಯ ದಾಖಲೆ ಜೈಲಿನಲ್ಲೂ ಇರುತ್ತದೆ. ಒಟ್ಟು ಕುಟುಂಬದ ಆಸ್ತಿಯ ಪಾಲಿಗೆ ಕಾಲ ಸಡಿಲ. ಹಕ್ಕೇ ಇಲ್ಲವೆಂದು ಹೊರಗಿಟ್ಟದ್ದು ತಿಳಿದ ದಿನದಿಂದ 12 ವರ್ಷ. ಜೀವಾವಧಿ ಶಿಕ್ಷೆಯಲ್ಲಿ ಆ ಹನ್ನೆರಡೂ ಮುಗಿದುಹೋಗಬಹುದು ಎಂಬುದು ಬೇರೆ ಮಾತು.

ಎರಡನೆಯದು ಜಾಗ, ಅಂದರೆ ಯಾವ ಕೋರ್ಟು. ಗಡಿಯಲ್ಲಿ ಇದು ಬರೀ ಔಪಚಾರಿಕ ಪ್ರಶ್ನೆಯಲ್ಲ. ಕೇಸು ದಕ್ಷಿಣ ಕನ್ನಡದ್ದು, ಆಸಾಮಿ ಇರುವುದು ಮಂಗಳೂರಿನ ಜೈಲಿನಲ್ಲಿ, ತೋಟ ಇರುವುದು ಮಂಜೇಶ್ವರದಲ್ಲಿ ಎಂದಿಟ್ಟುಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಾವೆ ಆಸ್ತಿ ಇರುವಲ್ಲೇ ಆಗಬೇಕು. ಹಾಗಾಗಿ ದಾವೆ ಹೋಗುವುದು ಕಾಸರಗೋಡಿಗೆ, ಮೌಲ್ಯ ನೋಡಿ ಮುನ್ಸಿಫ್ ಕೋರ್ಟಿಗೋ ಸಬ್ ಕೋರ್ಟಿಗೋ. ಶುಲ್ಕವೂ ಕೇರಳದ್ದೇ: 1959ರ ಕೇರಳ ಕೋರ್ಟ್ ಫೀ ಮತ್ತು ದಾವೆ ಮೌಲ್ಯಮಾಪನ ಕಾಯ್ದೆ. ಮಂಗಳೂರಿನಲ್ಲಿ ಪರಿಚಯದ ವಕೀಲರೊಬ್ಬರು ಕರ್ನಾಟಕದ 1958ರ ಕಾಯ್ದೆಯ ಕಲಮುಗಳನ್ನು ಹಾಕಿ ದಾವಾಪತ್ರ ಸಿದ್ಧ ಮಾಡಿಕೊಟ್ಟರೆ ಅದು ಇಲ್ಲಿ ಆಕ್ಷೇಪಣೆ ಬಿದ್ದು ವಾಪಸಾಗುತ್ತದೆ. ಎರಡೂ ಕಾಯ್ದೆಗಳ ಅಚ್ಚು ಒಂದೇ, ಕಲಮಿನ ನಂಬರು ಬೇರೆ, ದರ ಬೇರೆ. ಅವಿಭಕ್ತ ಕುಟುಂಬದ ವಿಚಾರಕ್ಕೂ ಕೇರಳದಲ್ಲಿ 1975ರ ಪ್ರತ್ಯೇಕ ಕಾಯ್ದೆ ಇದೆ, ಅದರಿಂದ ಪಾಲಿನ ಲೆಕ್ಕವೇ ಬದಲಾಗಬಹುದು. ಪಾಲು ದಾವೆಯನ್ನು ಕಾಸರಗೋಡಿನ ವಕೀಲರೇ ಬರೆಯಲಿ.

ಇನ್ನು ಶುಲ್ಕ. ಪಾಲು ದಾವೆಯಲ್ಲಿ ಕೋರ್ಟ್ ಫೀ ಎಷ್ಟೆಂಬುದನ್ನು ತೀರ್ಮಾನಿಸುವುದು ತೋಟದ ಬೆಲೆಗಿಂತ ಹೆಚ್ಚಾಗಿ ದಾವಾಪತ್ರದ ಒಂದು ವಾಕ್ಯ. ಕೇರಳ ಕಾಯ್ದೆಯ 37ನೇ ಕಲಮಿನಲ್ಲಿ ಎರಡು ದಾರಿಗಳಿವೆ. ವಾದಿಯನ್ನು ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದಾದರೆ ಅವನ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶೇಕಡಾವಾರು ಶುಲ್ಕ. ಉಳಿದವರ ಜೊತೆ ಜಂಟಿ ಸ್ವಾಧೀನದಲ್ಲಿದ್ದಾನೆ ಎಂದಾದರೆ ಕೋರ್ಟಿನ ದರ್ಜೆ ನೋಡಿ ಒಂದು ನಿಗದಿತ ಮೊತ್ತ. ಎರಡರ ನಡುವಿನ ಅಂತರ ದೊಡ್ಡದು. ಕೃಷಿಭೂಮಿಗೆ ಮಾರುಕಟ್ಟೆ ಮೌಲ್ಯವೆಂದರೆ ಸೆಂಟಿನ ಪೇಟೆ ಧಾರಣೆಯಲ್ಲ. ವರ್ಷದ ಒಟ್ಟು ಉತ್ಪತ್ತಿಯ ಹತ್ತು ಪಟ್ಟು, ಅದರಲ್ಲಿ ಸರಕಾರಕ್ಕೆ ಕಟ್ಟುವ ಕಂದಾಯ ಕಳೆದು. ಪಾಲಿಗೆ ಬರುವ ತೋಟದಲ್ಲಿ ವರ್ಷಕ್ಕೆ 60,000 ರೂಪಾಯಿಯ ಅಡಿಕೆ, ಕಾಳುಮೆಣಸು ಆಗುತ್ತದೆ ಎಂದರೆ ಮೌಲ್ಯ ಸುಮಾರು 6 ಲಕ್ಷ, ಅದರ ಮೇಲಿನ ಶುಲ್ಕ 50,000ವನ್ನು ದಾಟುತ್ತದೆ. ಬಜೆಟ್ಟುಗಳಲ್ಲಿ ದರ ಪರಿಷ್ಕರಣೆಯಾಗುತ್ತಿರುತ್ತದೆ, 2025ರ ಏಪ್ರಿಲ್‌ನಲ್ಲೂ ಕೋರ್ಟ್ ಫೀಗಳು ಏರಿದವು. ಹಾಗಾಗಿ ಹಳೆಯ ಪುಸ್ತಕ ನೋಡಿ ಲೆಕ್ಕ ಹಾಕಬಾರದು.

ಜೈಲಿನಲ್ಲಿರುವವನು ತೋಟಕ್ಕೆ ಕಾಲಿಡಲಾರ. ಹಾಗೆಂದು ಅವನು ಸ್ವಾಧೀನದಿಂದ ಹೊರಬಿದ್ದವನೇ? ಅಲ್ಲ. ಸಹಮಾಲಿಕರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಸ್ವಾಧೀನವೂ ಹೌದು ಎಂಬುದು ಸಾಮಾನ್ಯ ನಿಯಮ. ನಿನಗೆ ಇದರಲ್ಲಿ ಹಕ್ಕೇ ಇಲ್ಲ ಎಂದು ಬಹಿರಂಗವಾಗಿ ಹೇಳಿ ತಳ್ಳಿಹಾಕಿದ ಮೇಲೆ ಮಾತ್ರ ಕಥೆ ಬೇರೆ. ಅಣ್ಣ ತೋಟ ನೋಡಿಕೊಳ್ಳುತ್ತಿದ್ದಾನೆ, ಉತ್ಪತ್ತಿಯ ಲೆಕ್ಕ ಕೊಡುತ್ತಿಲ್ಲ ಎಂದಷ್ಟೇ ಇದ್ದರೆ ಅದು ಜಂಟಿ ಸ್ವಾಧೀನವೇ. ಆದರೆ ಸಿಟ್ಟಿನಲ್ಲಿ ಬರೆಸಿದ ದಾವಾಪತ್ರಗಳಲ್ಲಿ ‘ನನ್ನನ್ನು ಜೈಲಿಗೆ ಕಳಿಸಿ ತೋಟದಿಂದ ಹೊರಹಾಕಿದ್ದಾರೆ’ ಎಂಬ ವಾಕ್ಯ ತಪ್ಪದೆ ಇರುತ್ತದೆ. ಶುಲ್ಕಕ್ಕೆ ಕೋರ್ಟು ನೋಡುವುದು ದಾವಾಪತ್ರದ ಮಾತನ್ನೇ; ಆ ಒಂದು ವಾಕ್ಯಕ್ಕೆ ಅರ್ಧ ಲಕ್ಷ ತೆರಬೇಕಾಗುತ್ತದೆ. ನಿಜವಾಗಿಯೂ ಹೊರಹಾಕಿದ್ದರೆ ಹಾಗೆಯೇ ಬರೆಯಬೇಕು, ಶುಲ್ಕ ಉಳಿಸಲು ಸುಳ್ಳು ಹೇಳಿದರೆ ಸಾಕ್ಷಿ ವಿಚಾರಣೆಯಲ್ಲಿ ಅದೇ ಕಾಲಿಗೆ ತೊಡರುತ್ತದೆ. ಆದರೆ ಇಲ್ಲದ ಹೊರಹಾಕುವಿಕೆಯನ್ನು ಬರೆಯುವುದೇಕೆ?

ಕ್ರಯಪತ್ರಗಳ ವಿಷಯದಲ್ಲೂ ಇಂಥದ್ದೇ ಸೂಕ್ಷ್ಮವಿದೆ. ತಾನೇ ಬರೆದುಕೊಟ್ಟ, ಅಥವಾ ತನ್ನ ಮುಕ್ತ್ಯಾರ ತನ್ನ ಪರವಾಗಿ ಬರೆದುಕೊಟ್ಟ ಪತ್ರವನ್ನು ರದ್ದು ಮಾಡಿಸಬೇಕಾದರೆ ಕೇರಳ ಕಾಯ್ದೆಯ 40ನೇ ಕಲಮಿನಂತೆ ಮೌಲ್ಯದ ಮೇಲೆ ಶುಲ್ಕ. ತಾನು ಕಕ್ಷಿಯೇ ಅಲ್ಲದ ಪತ್ರವಾದರೆ ಅದು ತನ್ನ ಪಾಲಿಗೆ ಬಾಧಕವಲ್ಲ ಎಂಬ ಘೋಷಣೆ ಸಾಕಾಗಬಹುದು. ಜೈಲಿನಿಂದ ಮುಕ್ತ್ಯಾರನಾಮೆ ಕೊಡುವವರಿಗೆ ಇಲ್ಲೇ ಒಂದು ಮಾತು: ನೋಂದಣಿ ಕಾಯ್ದೆಯ 33 ಮತ್ತು 38ನೇ ಕಲಮುಗಳ ಪ್ರಕಾರ ಕೈದಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರಬೇಕಿಲ್ಲ, ಅಧಿಕಾರಿಯೇ ಜೈಲಿಗೆ ಹೋಗಬಹುದು ಅಥವಾ ಕಮಿಷನ್, ಅಂದರೆ ವಿಚಾರಿಸಿ ಬರಲು ನೇಮಿಸಿದವರನ್ನು, ಕಳಿಸಬಹುದು. ಬರೆಯುವಾಗ ದಾವೆ ನಡೆಸುವ, ಕಂದಾಯ ಕಟ್ಟುವ, ದಾಖಲೆ ಪಡೆಯುವ ಅಧಿಕಾರ ಮಾತ್ರ ಕೊಡಿ. ಮಾರುವ ಅಧಿಕಾರ ಬೇಡ.

ಶುಲ್ಕ ದೊಡ್ಡದಾದರೂ ಮೊದಲ ದಿನವೇ ಪೂರ್ತಿ ಕಟ್ಟಬೇಕೆಂದಿಲ್ಲ. ಕೇರಳ ಕಾಯ್ದೆಯ 4ಎ ಕಲಮಿನಂತೆ ದಾವೆ ಹೂಡುವಾಗ ಹತ್ತನೇ ಒಂದು ಭಾಗ ಕಟ್ಟಿದರೆ ಸಾಕು, ಉಳಿದದ್ದು ವಿವಾದಾಂಶಗಳನ್ನು ರೂಪಿಸಿದ ಮೇಲೆ. ಹೊರಗೆ ಸ್ವಲ್ಪ ಅನುಕೂಲವಿರುವ ಕುಟುಂಬ ಇದ್ದು ಕಾಲಮಿತಿ ನಾಳೆಯೇ ಮುಗಿಯುವುದಾದರೆ, ಶುಲ್ಕ ಕಟ್ಟುವ ಶಕ್ತಿಯಿಲ್ಲವೆಂದು ಕೊಡುವ ಪಾಪರ್ ಅರ್ಜಿಗಿಂತ ಇದೇ ಸುಲಭ. ಉಳಿದ ಒಂಬತ್ತು ಭಾಗಕ್ಕೆ ನೋಟೀಸು ಬಂದಾಗ ದಾವೆ ತಿರಸ್ಕಾರವಾಗುವ ಭಯ ಇದ್ದೇ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೇ ಕಲಮಿನಂತೆ ಕೋರ್ಟು ಸಮಯ ಕೊಡಬಹುದು, ಕೊಡಲೇಬೇಕೆಂದಿಲ್ಲ.

ಕೈದಿಗೆ ಶುಲ್ಕವೇ ಇಲ್ಲವಂತೆ ಎಂದು ಹೇಳುವವರೂ ಸಿಗುತ್ತಾರೆ. ಅದಕ್ಕೆ ಮೂಲ ಇದೆ. 1870ರ ಕೋರ್ಟ್ ಫೀ ಕಾಯ್ದೆಯ 19ನೇ ಕಲಮು ಕೈದಿ ಕೊಡುವ ಅರ್ಜಿಯನ್ನು ಶುಲ್ಕದಿಂದ ಬಿಟ್ಟಿತ್ತು, ದಕ್ಷಿಣದ ರಾಜ್ಯಗಳ ಕಾಯ್ದೆಗಳೂ ಆ ವಿನಾಯಿತಿಯನ್ನು ಇಟ್ಟುಕೊಂಡಿವೆ. ಆದರೆ ಅದು ಅರ್ಜಿಗೆ ಮಾತ್ರ, ದಾವಾಪತ್ರಕ್ಕಲ್ಲ. ಜೈಲಿನಿಂದ ಬರೆದ ಮನವಿಗೆ ಸ್ಟ್ಯಾಂಪು ಬೇಡ, ತೋಟದ ಪಾಲಿಗೆ ಬೇಕು.

ಇನ್ನೊಂದು ದಾರಿ ಕಾನೂನು ಸೇವಾ ಪ್ರಾಧಿಕಾರದ್ದು. 1987ರ ಕಾಯ್ದೆಯ 12ನೇ ಕಲಮಿನ ಜಿ ಉಪಖಂಡ ಸ್ಪಷ್ಟವಾಗಿದೆ: ಬಂಧನದಲ್ಲಿರುವ ವ್ಯಕ್ತಿ ಉಚಿತ ಕಾನೂನು ಸೇವೆಗೆ ಅರ್ಹ, ಅವನ ಆದಾಯ ಎಷ್ಟೇ ಇರಲಿ. ಇದು ಕ್ರಿಮಿನಲ್ ಕೇಸಿಗೆ ವಕೀಲರನ್ನು ಕೊಡಲಿಕ್ಕೆ ಮಾತ್ರ ಎಂದು ಜೈಲಿನೊಳಗೆ ಬಹಳ ಜನ ತಿಳಿದಿದ್ದಾರೆ, ಕೆಲವು ಸಲ ಹೇಳಿಕೊಡುವವರೂ ಹಾಗೆಯೇ ಹೇಳುತ್ತಾರೆ. ಹಾಗಿಲ್ಲ. ಸಿವಿಲ್ ದಾವೆಗೂ ಸಲ್ಲುತ್ತದೆ, ಮೇಲ್ನೋಟಕ್ಕೆ ದಾವೆಯಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಮನವರಿಕೆಯಾಗಬೇಕು ಅಷ್ಟೇ. ಸೇವೆಯೆಂದರೆ ವಕೀಲರು ಮಾತ್ರವಲ್ಲ. ಕೋರ್ಟ್ ಫೀ, ನೋಟೀಸು ಜಾರಿಯ ಖರ್ಚು, ಸಾಕ್ಷಿಗಳ ಬತ್ತೆ, ದೃಢೀಕೃತ ನಕಲು, ದಾಖಲೆಗಳ ಭಾಷಾಂತರ ಎಲ್ಲ ಅದರೊಳಗೆ ಬರಬಹುದು. ಮಾನನಷ್ಟ ಮತ್ತು ದುರುದ್ದೇಶದ ಪ್ರಾಸಿಕ್ಯೂಶನ್ ದಾವೆಗಳನ್ನು ಕೆಲವು ರಾಜ್ಯಗಳ ನಿಯಮಗಳು ಹೊರಗಿಟ್ಟಿವೆ, ಅಂಥ ದಾವೆಗೆ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಕಾಸರಗೋಡಿನ ಜಿಲ್ಲಾ ಪ್ರಾಧಿಕಾರ ವಿದ್ಯಾನಗರದ ಕೋರ್ಟು ಆವರಣದಲ್ಲಿದೆ, ಹೊಸದುರ್ಗಕ್ಕೆ ತಾಲೂಕು ಸಮಿತಿ ಇದೆ. ಕಾಸರಗೋಡಿನ ಸಬ್ ಜೈಲು, ಹೊಸದುರ್ಗದ ಜೈಲು, ಚೀಮೇನಿಯ ತೆರೆದ ಜೈಲು, ಕಣ್ಣೂರಿನ ಸೆಂಟ್ರಲ್ ಜೈಲು, ಎಲ್ಲಿಂದಲೇ ಆಗಲಿ ಜೈಲಿನ ಕಾನೂನು ನೆರವು ಕ್ಲಿನಿಕ್ಕಿನ ಮೂಲಕ ಅರ್ಜಿ ಕಳಿಸಬಹುದು. ಮಂಗಳೂರಿನಲ್ಲಿ ಇರುವವರು ಅಲ್ಲಿಯ ಪ್ರಾಧಿಕಾರಕ್ಕೇ ಕೊಟ್ಟು ಕಾಸರಗೋಡಿಗೆ ಕಳಿಸಿ ಎಂದು ಬರೆದರಾಯಿತು. ಮನೆಯವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನು ಮಾಡಬಹುದು.

ಒಂದು ಎಚ್ಚರ. ಕಾನೂನು ನೆರವಿಗೆ ಅರ್ಜಿ ಕೊಟ್ಟರೆ ಲಿಮಿಟೇಶನ್ ನಿಲ್ಲುವುದಿಲ್ಲ. ಅರ್ಜಿ ಮೇಜಿಂದ ಮೇಜಿಗೆ ಹೋಗುವಾಗ ಕಾಲ ಮುಗಿದರೆ ಯಾರೂ ಹೊಣೆಯಲ್ಲ. ಆದ್ದರಿಂದ ಅರ್ಜಿಯ ತಲೆಯಲ್ಲೇ, ಬೇರೇನೂ ಬರೆಯುವ ಮೊದಲು, ‘ಕಾಲಮಿತಿ ಮುಗಿಯುವ ದಿನ ಇಂಥದ್ದು’ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

ಶುಲ್ಕದ ಮೊತ್ತ ದೊಡ್ಡದಿದ್ದಾಗ ನೆರವಿನ ವಕೀಲರು ಸಾಮಾನ್ಯವಾಗಿ ಹಿಡಿಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದ (ಆರ್ಡರ್ 33) ದಾರಿಯನ್ನು. ಜನ ಇನ್ನೂ ಪಾಪರ್ ದಾವೆ ಎಂದೇ ಕರೆಯುತ್ತಾರೆ. ಇಲ್ಲಿ ನೋಡುವುದು ಬಂಧನವನ್ನಲ್ಲ, ಸಾಮರ್ಥ್ಯವನ್ನು. ಈ ದಾವೆಯ ಶುಲ್ಕ ಕಟ್ಟುವಷ್ಟು ಅನುಕೂಲ ಅವನಿಗಿದೆಯೇ? ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಬೇಕಾದವು ಎರಡು: ಡಿಕ್ರಿಯಲ್ಲೂ ಜಪ್ತಿ ಮಾಡಬಾರದ ಸೊತ್ತು, ಮತ್ತು ದಾವೆಯ ವಸ್ತುವೇ ಆಗಿರುವ ಆಸ್ತಿ. ಅಂದರೆ ಪಾಲು ಕೇಳುತ್ತಿರುವ ತೋಟವನ್ನು ತೋರಿಸಿ ನೀನು ಆಸ್ತಿವಂತ ಎನ್ನುವಂತಿಲ್ಲ. ಸಾಮರ್ಥ್ಯವೆಂದರೆ ಕೈಯಲ್ಲಿರುವ ನಗದು ಮಾತ್ರವಲ್ಲ, ಸಾಮಾನ್ಯ ಸ್ಥಿತಿಯಲ್ಲಿ ನ್ಯಾಯವಾಗಿ ಹಣ ಹೊಂದಿಸಿಕೊಳ್ಳುವ ಶಕ್ತಿ ಎಂದು 2011ರಲ್ಲಿ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೈಲಿನಲ್ಲಿರುವವನ ಸಾಲ ಪಡೆಯುವ ಶಕ್ತಿ ಎಷ್ಟೆಂಬುದನ್ನು ವಾದದಲ್ಲಿ ಎತ್ತಬೇಕು, ತಾನಾಗಿ ಯಾರೂ ಎತ್ತುವುದಿಲ್ಲ.

ಅರ್ಜಿಯಲ್ಲಿ ದಾವಾಪತ್ರದ ಎಲ್ಲ ವಿವರ ಇರಬೇಕು, ಜೊತೆಗೆ ಸ್ಥಿರ ಚರ ಸೊತ್ತುಗಳ ಪಟ್ಟಿ, ಪ್ರತಿಯೊಂದರ ಅಂದಾಜು ಬೆಲೆ, ಸಹಿ, ಪ್ರಮಾಣ. ಅರ್ಜಿಗಳು ಎಡವುವುದು ಹೆಚ್ಚಾಗಿ ಈ ಪಟ್ಟಿಯಲ್ಲಿ. ಬಂಧನವಾದಾಗ ಪೊಲೀಸರು ತೆಗೆದುಕೊಂಡ ಮೊಬೈಲು, ಬೈಕು. ಜೈಲಿನ ಖಾತೆಯಲ್ಲಿರುವ ಕೂಲಿ ಹಣ. ಸಹಕಾರಿ ಬ್ಯಾಂಕಿನ ಪಾಲು ಬಂಡವಾಳ. ಚಿಟ್ಟಿಯಲ್ಲಿ ಕಟ್ಟಿ ನಿಂತುಹೋದ ಕಂತು. ಅಜ್ಜಿಯ ಕಡೆಯಿಂದ ಬರಬಹುದಾದ ಎರಡು ಸೆಂಟು. ಎಲ್ಲವನ್ನೂ ಬರೆಯಿರಿ, ಬೆಲೆಯಿಲ್ಲದ್ದನ್ನು ಬೆಲೆಯಿಲ್ಲ ಎಂದೇ ಬರೆಯಿರಿ. ಸಣ್ಣ ಸೊತ್ತು ಇದ್ದುದರಿಂದ ಅರ್ಜಿ ಬೀಳುವುದಿಲ್ಲ, ಬಚ್ಚಿಟ್ಟದ್ದು ಗೊತ್ತಾದರೆ ಬೀಳುತ್ತದೆ. ಗೊತ್ತಾಗುವುದೂ ಸುಲಭ. ಕೋರ್ಟಿನ ಶಿರಸ್ತೇದಾರರು ವಿಚಾರಣೆ ಮಾಡುತ್ತಾರೆ, ಸರಕಾರಿ ವಕೀಲರು ವಿಲೇಜ್ ಆಫೀಸಿನಿಂದ ವರದಿ ತರಿಸಿಕೊಳ್ಳಬಹುದು, ಎದುರು ಕಕ್ಷಿಯಲ್ಲಿರುವ ಅಣ್ಣನಿಗಂತೂ ತಮ್ಮನ ಆಸ್ತಿಯೆಲ್ಲ ಬಾಯಿಪಾಠ.

33ನೇ ಆದೇಶದ 5ನೇ ನಿಯಮದಲ್ಲಿ ತಿರಸ್ಕಾರದ ಕಾರಣಗಳಿವೆ. ಅವುಗಳಲ್ಲಿ ಎರಡನ್ನು ಮನೆಯವರು ಓದಿರಲೇಬೇಕು. ಅರ್ಜಿಗೆ ಮುಂಚಿನ 2 ತಿಂಗಳಲ್ಲಿ ಮೋಸದಿಂದ, ಅಥವಾ ಪಾಪರ್ ಆಗುವ ಉದ್ದೇಶದಿಂದಲೇ, ಸೊತ್ತನ್ನು ಬೇರೆಯವರ ಹೆಸರಿಗೆ ಮಾಡಿದ್ದರೆ ಅರ್ಜಿ ಹೋಯಿತು. ದಾವೆಯ ಖರ್ಚು ತಾನು ಹಾಕುತ್ತೇನೆ ಎಂದು ಬೇರೊಬ್ಬರು ಒಪ್ಪಿದ್ದರೂ ಹೋಯಿತು. ಎರಡನೆಯದು ನಮ್ಮ ಕಡೆಯ ಮಾವಂದಿರ ಬಾಯಿಗೆ ಬಹಳ ಬೇಗ ಬರುವ ಮಾತು: ‘ಹಣದ ಚಿಂತೆ ಬೇಡ ಸಾರ್, ನಾವಿದ್ದೇವೆ.’ ಹುಡುಗನ ಮೇಲಿನ ಪ್ರೀತಿಯಿಂದ ಶಿರಸ್ತೇದಾರರ ಎದುರು ಆಡಿದ ಈ ಮಾತು ಅರ್ಜಿಗೆ ಮುಳುವಾಗುತ್ತದೆ. ನಿಜವಾಗಿಯೂ ಖರ್ಚು ಹಾಕುವವರು ಇದ್ದರೆ ಪಾಪರ್ ಅರ್ಜಿಯೇ ಬೇಡ, ಹತ್ತನೇ ಒಂದು ಭಾಗ ಕಟ್ಟಿ ನೇರ ದಾವೆ ಹೂಡಲಿ.

ಅರ್ಜಿಯನ್ನು ಕೋರ್ಟಿಗೆ ಅರ್ಜಿದಾರನೇ ಒಪ್ಪಿಸಬೇಕು ಎನ್ನುತ್ತದೆ 3ನೇ ನಿಯಮ. ಹಾಜರಾತಿಯಿಂದ ವಿನಾಯಿತಿ ಇರುವವರ ಪರವಾಗಿ, ಎಲ್ಲ ಪ್ರಶ್ನೆಗಳಿಗೂ ಉತ್ತರಿಸಬಲ್ಲ ಅಧಿಕೃತ ಏಜೆಂಟ್ ಕೊಡಬಹುದು. ಕೈದಿಗೆ ಈ ವಿನಾಯಿತಿ ತಾನಾಗಿ ಬರುತ್ತದೆ ಎಂದು ಭಾವಿಸದೆ, ಬಂಧನದಲ್ಲಿದ್ದಾನೆ ಎಂದು ಜೈಲು ಸೂಪರಿಂಟೆಂಡೆಂಟರ ಪತ್ರ ಇಟ್ಟು, ಅನುಮತಿ ಕೋರುವ ಒಂದು ಚಿಕ್ಕ ಅರ್ಜಿಯನ್ನು ಜೊತೆಗೆ ಸೇರಿಸಿದರೆ ಒಂದು ಆಕ್ಷೇಪಣೆ ಕಡಿಮೆಯಾಗುತ್ತದೆ. ಏಜೆಂಟ್ ಆಗಿ ಬರುವ ಅಕ್ಕನಿಗೋ ತಮ್ಮನಿಗೋ ಸರ್ವೆ ನಂಬರಿನಿಂದ ಹಿಡಿದು ಚಿಟ್ಟಿಯ ಕಂತಿನವರೆಗೆ ಎಲ್ಲ ತಿಳಿದಿರಬೇಕು. ಕೋರ್ಟು ಬೇಕೆಂದರೆ ಕಮಿಷನ್ ಮೂಲಕ ಕೈದಿಯನ್ನೇ ವಿಚಾರಿಸಬಹುದು.

ಸಹಿಗಳ ವಿಷಯ ಸಣ್ಣದೆಂದು ಕಾಣುತ್ತದೆ, ವಾರಗಳನ್ನು ನುಂಗುವುದು ಅದೇ. ವಕಾಲತ್ತಿಗೆ ಕೈದಿ ಸಹಿ ಹಾಕಿದ ಮೇಲೆ ಜೈಲಿನ ಅಧಿಕಾರಿಯ ದೃಢೀಕರಣ, ಮೊಹರು, ತಾರೀಖು ಮೂರೂ ಬೇಕು. ತಾರೀಖಿಲ್ಲದ್ದು ವಾಪಸು ಬರುತ್ತದೆ, ಮತ್ತೆ ಕಣ್ಣೂರಿಗೆ ಹೋಗಬೇಕು. ಮೊದಲ ಸಲವೇ ವಕಾಲತ್ತಿನ ಎರಡು ಮೂರು ಪ್ರತಿ ಸಹಿ ಮಾಡಿಸಿ ತಂದರೆ ತಡೆಯಾಜ್ಞೆ ಅರ್ಜಿಗೂ ಮುಂದಿನ ಮೇಲ್ಮನವಿಗೂ ಆಗುತ್ತದೆ. ಕನ್ನಡ ಮಾತ್ರ ಓದಬಲ್ಲವನು ಇಂಗ್ಲಿಷಿನದೋ ಮಲಯಾಳದ್ದೋ ಆದ ಪ್ರಮಾಣಪತ್ರಕ್ಕೆ ಸಹಿ ಮಾಡುವಾಗ, ಅದನ್ನು ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಒಕ್ಕಣೆ ಕೆಳಗಿರಲಿ. ಅದಿಲ್ಲದಿದ್ದರೆ ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ‘ನಿಮಗೆ ಇದರಲ್ಲಿ ಏನಿದೆ ಎಂದೇ ಗೊತ್ತಿಲ್ಲ ಅಲ್ಲವೇ’ ಎಂಬ ಪ್ರಶ್ನೆ ಬರುತ್ತದೆ, ಅವನು ಹೌದು ಎನ್ನುತ್ತಾನೆ. 1956ಕ್ಕೆ ಮೊದಲು, ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದಾಗಿನ ಪಾಲುಪಟ್ಟಿ, ಮೂಲಗೇಣಿ ಚೀಟುಗಳು ಕನ್ನಡದಲ್ಲಿವೆ. ಅವುಗಳ ಭಾಷಾಂತರಕ್ಕೆ ಆಗುವ ಖರ್ಚನ್ನು ಕಾನೂನು ನೆರವಿನ ಅರ್ಜಿಯಲ್ಲೇ ಕೇಳಬೇಕು.

ಪಾಪರ್ ಅರ್ಜಿಯ ನಿಜವಾದ ಬಲ ಶುಲ್ಕದಲ್ಲಿಲ್ಲ, ತಾರೀಖಿನಲ್ಲಿದೆ. ಲಿಮಿಟೇಶನ್ ಕಾಯ್ದೆಯ 3ನೇ ಕಲಮಿನ ಪ್ರಕಾರ ಪಾಪರ್ ಅರ್ಜಿ ಕೊಟ್ಟ ದಿನವೇ ದಾವೆ ಹೂಡಿದ ದಿನ. ಅರ್ಜಿ ತಿರಸ್ಕಾರವಾದರೂ 33ನೇ ಆದೇಶದ 15ಎ ನಿಯಮದಂತೆ ಶುಲ್ಕ ಕಟ್ಟಲು ಕೋರ್ಟು ಸಮಯ ಕೊಡಬಹುದು, ಆ ಸಮಯದೊಳಗೆ ಕಟ್ಟಿದರೆ ದಾವೆ ಅರ್ಜಿಯ ದಿನಕ್ಕೇ ಸಂದಂತೆ. ತಿರಸ್ಕಾರದ ಆದೇಶ ಬರುವ ದಿನ ವಕೀಲರು ಅಲ್ಲೇ ನಿಂತು ಸಮಯ ಕೇಳಬೇಕು. ಕೇಳದೆ ಹೊರಬಂದರೆ ಅದೇ ಹಕ್ಕಿಗೆ ಇನ್ನೊಂದು ಪಾಪರ್ ಅರ್ಜಿ ಹಾಕುವಂತಿಲ್ಲ.

ಅರ್ಜಿ ಮಂಜೂರಾದರೆ ಕೋರ್ಟ್ ಫೀಯೂ ನೋಟೀಸು ಜಾರಿಯ ಶುಲ್ಕವೂ ಬೇಡ. ಅಳತೆಗೆ ಹೋಗುವ ಅಡ್ವೊಕೇಟ್ ಕಮಿಷನರ ಬತ್ತೆ, ಸರ್ವೆಯರ ಖರ್ಚು ಇದರಲ್ಲಿ ಬರುವುದಿಲ್ಲ. ಪಾಲು ದಾವೆಯಲ್ಲಿ ಅಳತೆ ಇಲ್ಲದೆ ಕೆಲಸವೇ ಮುಗಿಯುವುದಿಲ್ಲ, ಅದಕ್ಕೂ ಪ್ರಾಧಿಕಾರದ ಮೊರೆ ಹೋಗಬೇಕು.

ಮತ್ತೆ, ಇದು ಮಾಫಿಯಲ್ಲ. ಮುಂದೂಡಿಕೆ. ದಾವೆ ಗೆದ್ದರೆ, ಕಟ್ಟಬೇಕಿದ್ದ ಕೋರ್ಟ್ ಫೀಯನ್ನು ಕೋರ್ಟು ಲೆಕ್ಕ ಹಾಕುತ್ತದೆ, ಸರಕಾರಕ್ಕೆ ಆ ಮೊತ್ತ ದಾವೆಯ ವಸ್ತುವಿನ ಮೇಲೆ ಮೊದಲ ಹೊರೆ, ಅಂದರೆ ಮೊದಲು ತೀರಬೇಕಾದ ಬಾಕಿ. ಸೋತರೆ, ಇಲ್ಲವೇ ಗೈರುಹಾಜರಿಯಿಂದ ದಾವೆ ವಜಾ ಆದರೆ, ವಾದಿಯೇ ಕಟ್ಟಬೇಕು. ಡಿಕ್ರಿಯ ಪ್ರತಿ ಕಲೆಕ್ಟರರಿಗೆ ಹೋಗುತ್ತದೆ, ಭೂಕಂದಾಯದ ಬಾಕಿಯಂತೆ ವಸೂಲಿ. ಹಾಗಾಗಿ ಶುಲ್ಕ ಹೇಗೂ ಈಗ ಕಟ್ಟಬೇಕಿಲ್ಲವಲ್ಲ ಎಂದು 5 ಲಕ್ಷದ ಪರಿಹಾರದ ಜಾಗದಲ್ಲಿ 50 ಲಕ್ಷ ಬರೆಸುವುದು ಶುದ್ಧ ಮೂರ್ಖತನ. ಬಿಡುಗಡೆಯಾಗಿ ಬಂದವನ ಮನೆ ಬಾಗಿಲಿಗೆ ಜಪ್ತಿಯ ನೋಟೀಸು ಬರುತ್ತದೆ.

ಮುಂದೂಡಿಕೆಯ ಇನ್ನೊಂದು ರೂಪ ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿದೆ. 1996ರ ಕೈದಿಗಳ ದಾವೆ ಸುಧಾರಣಾ ಕಾಯ್ದೆಯ ನಂತರ ಅಲ್ಲಿ ಬಡ ಕೈದಿಯೂ 350 ಡಾಲರ್ ಶುಲ್ಕವನ್ನು ಪೂರ್ತಿ ತೀರಿಸಲೇಬೇಕು, ಕಂತಿನಲ್ಲಿ. ಆರು ತಿಂಗಳ ಜೈಲು ಖಾತೆಯ ದೃಢೀಕೃತ ಲೆಕ್ಕ ಕೊಡಬೇಕು. ತಿಂಗಳ ಸರಾಸರಿ ಜಮೆ, ಸರಾಸರಿ ಬಾಕಿ ಎರಡರಲ್ಲಿ ಯಾವುದು ಹೆಚ್ಚೋ ಅದರ ನೂರಕ್ಕೆ 20 ಮೊದಲ ಕಂತು. ಆಮೇಲೆ ಖಾತೆಯಲ್ಲಿ 10 ಡಾಲರ್ ದಾಟಿದಾಗಲೆಲ್ಲ ಹಿಂದಿನ ತಿಂಗಳ ಆದಾಯದ ನೂರಕ್ಕೆ 20ನ್ನು ಜೈಲೇ ಕೋರ್ಟಿಗೆ ಕಳಿಸುತ್ತದೆ. ಎರಡು ದಾವೆ ಇದ್ದರೆ ನೂರಕ್ಕೆ 40, ಮೂರಿದ್ದರೆ 60 ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಹುರುಳಿಲ್ಲದ್ದೆಂದು ಮೂರು ದಾವೆ ವಜಾ ಆದವನಿಗೆ, ಗಂಭೀರ ದೈಹಿಕ ಅಪಾಯ ಎದುರಿಗೇ ಇಲ್ಲದಿದ್ದರೆ, ಕಂತಿನ ಸೌಲಭ್ಯವೂ ಇಲ್ಲ. ನಮ್ಮಲ್ಲಿ ಜೈಲಿನ ಕೂಲಿಗೆ ಕೋರ್ಟು ಹೀಗೆ ತಿಂಗಳು ತಿಂಗಳು ಕೈಹಾಕುವುದಿಲ್ಲ ಎಂಬುದನ್ನು ದೊಡ್ಡ ಅನುಕೂಲವೆಂದೇ ಹೇಳಬೇಕು; ಅದರ ಬೆಲೆ ಕಡೆಗೆ ಒಟ್ಟಿಗೆ ಬರುತ್ತದೆ, ಅಷ್ಟೇ.

ಜೈಲಿನೊಳಗಿನ ಗಾಯ, ಚಿಕಿತ್ಸೆಯ ನಿರ್ಲಕ್ಷ್ಯ ಇಂಥವಕ್ಕೆ ಸರಕಾರದ ಮೇಲೆ ದಾವೆ ಹೂಡುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟೀಸು ಕೊಟ್ಟು 2 ತಿಂಗಳು ಕಾಯಬೇಕು. ಸರಕಾರದ ಪರವಾಗಿ ಅದನ್ನು ಜಿಲ್ಲಾ ಕಲೆಕ್ಟರರಿಗೆ ತಲಪಿಸಬಹುದು. ಆ 2 ತಿಂಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಆದರೆ ಘಟನೆ ನಿರ್ವಿವಾದವಾಗಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿಯೇ ಮೇಲು: ಶುಲ್ಕ ಅಲ್ಪ, ಮತ್ತು ಸುಪ್ರೀಂ ಕೋರ್ಟಿನ 1993ರ ನೀಲಾಬತಿ ಬೆಹೆರಾ ತೀರ್ಪಿನಿಂದೀಚೆಗೆ ಕಸ್ಟಡಿಯಲ್ಲಿ ಆದ ಹಾನಿಗೆ ಸಾಂವಿಧಾನಿಕ ಪರಿಹಾರ ಕೊಡುವುದಕ್ಕೆ ಸರಕಾರದ ಸಾರ್ವಭೌಮ ರಕ್ಷಣೆಯ ವಾದ ಅಡ್ಡ ಬರುವುದಿಲ್ಲ. ಯಾರು ಹೊಡೆದರು, ಹೇಗೆ ಬಿದ್ದ ಎಂಬುದೇ ವಿವಾದವಾದರೆ ಹೈಕೋರ್ಟು ಸಿವಿಲ್ ಕೋರ್ಟಿಗೆ ಹೋಗಿ ಎನ್ನಬಹುದು. ಹಾಗೆಂದಾಗ ದಾವೆಯ ಅವಧಿ ಉಳಿದಿರಬೇಕು. ಮಾನವ ಹಕ್ಕುಗಳ ಆಯೋಗಕ್ಕೆ ಶುಲ್ಕವೇ ಇಲ್ಲ, ಘಟನೆಯಾದ 1 ವರ್ಷದೊಳಗೆ ದೂರಬೇಕು.

ಸಾಕ್ಷ್ಯದ ಹಂತಕ್ಕೆ ಬಂದಾಗ ವಾದಿ ಹಾಜರಾಗಬೇಕಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ಎ ಆದೇಶದಂತೆ ರಾಜ್ಯದೊಳಗಿನ ಜೈಲಿನಿಂದ ಕೈದಿಯನ್ನು ಕರೆಸಬಹುದು. ಜೈಲು ಕೋರ್ಟಿನಿಂದ 25 ಕಿಲೋಮೀಟರಿಗಿಂತ ದೂರವಿದ್ದರೆ ಕಮಿಷನ್ ವಿಚಾರಣೆ ಸಾಲದು ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಕಣ್ಣೂರಿನಿಂದ ಕಾಸರಗೋಡು ಆ ಮಿತಿಯನ್ನು ಎಷ್ಟೋ ದಾಟುತ್ತದೆ. ಬೆಂಗಾವಲಿನ ಖರ್ಚನ್ನು ಕೇಳಿದವರೇ ಕಟ್ಟುವಂತೆ ಹೇಳಬಹುದು. ಮಂಗಳೂರಿನ ಜೈಲು ಕೇರಳದ ಹೊರಗಾದ್ದರಿಂದ ಅಲ್ಲಿಯವರಿಗೆ ಕಮಿಷನ್ ದಾರಿ. ಈಗ ವಿಡಿಯೊ ಲಿಂಕ್ ಇರುವುದರಿಂದ ಮೊದಲು ಅದನ್ನೇ ಕೇಳುವುದು ಜಾಣತನ, ಕನ್ನಡ ದುಭಾಷಿ ಬೇಕೆಂಬುದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.

ಸೋತರೆ ಪಾಪರ್ ಆಗಿ ಮೇಲ್ಮನವಿ ಹೋಗಲು ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 60 ದಿನ. ಕೆಳಗಿನ ಕೋರ್ಟಿನಲ್ಲಿ ಅನುಮತಿ ಸಿಕ್ಕಿದ್ದರೆ ಹೊಸ ವಿಚಾರಣೆ ಇಲ್ಲ, ಸ್ಥಿತಿ ಬದಲಾಗಿಲ್ಲ ಎಂಬ ಪ್ರಮಾಣಪತ್ರ ಸಾಕು. ಸರಕಾರಿ ವಕೀಲರು ಅಥವಾ ಎದುರಾಳಿ ಅದನ್ನು ಅಲ್ಲಗಳೆದರೆ ಮಾತ್ರ ವಿಚಾರಣೆ.

ದಾವೆಯ ನಡುವೆ ಬಿಡುಗಡೆಯಾದರೆ ಮಾಡಬೇಕಾದದ್ದು ಎರಡು. ಜೈಲಿನ ವಿಳಾಸ ಬದಲಿಸಿ ಮನೆಯ ವಿಳಾಸವನ್ನು ಆ ವಾರವೇ ಕೋರ್ಟಿಗೆ ಕೊಡಬೇಕು, ಇಲ್ಲವಾದರೆ ನೋಟೀಸು ಜೈಲಿಗೆ ಹೋಗಿ ಹಿಂದೆ ಬಂದು ದಾವೆ ಗೈರುಹಾಜರಿಯಲ್ಲಿ ವಜಾ ಆಗುತ್ತದೆ, ಹಿಂದೆಯೇ ಶುಲ್ಕದ ವಸೂಲಿ. ಮತ್ತೆ ಕಾನೂನು ನೆರವಿನ ವಕೀಲರನ್ನು ಕಂಡು, ಬಂಧನದ ಅರ್ಹತೆ ಮುಗಿದುದರಿಂದ ಬೇರೆ ಯಾವ ಅರ್ಹತೆಯಲ್ಲಿ ಮುಂದುವರಿಯಬಹುದು ಎಂದು ಕೇಳಬೇಕು. ಕೇರಳದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯೊಳಗಿನ ಆದಾಯದವರಿಗೆ ಅವಕಾಶವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲ. ಗಲ್ಫಿಗೆ ಹೋಗಿ ದುಡಿಯಲು ತೊಡಗಿದವನ ಪಾಪರ್ ಅನುಮತಿಯನ್ನು ಹಿಂತೆಗೆಯಿರಿ ಎಂದು ಎದುರು ಕಕ್ಷಿ 33ನೇ ಆದೇಶದ 9ನೇ ನಿಯಮದಡಿ ಅರ್ಜಿ ಹಾಕಬಹುದು. ಅದಕ್ಕೆ 7 ದಿನದ ಲಿಖಿತ ನೋಟೀಸು ಕೊಡಬೇಕು, ಆ ನೋಟೀಸು ಬರುವುದೂ ಕೋರ್ಟಿಗೆ ಕೊಟ್ಟ ವಿಳಾಸಕ್ಕೇ.